ಹಳೇ ವಿಂಚೆಸ್ಟರ್ ತೋರಿಸಲು ಬೆಂಗಳೂರಲ್ಲೊಂದು ಒಳ್ಳೇ ಕೋವಿ ಅಂಗಡಿ

ಮನೆಯಲ್ಲಿ ಅಜ್ಜನ ಕಾಲದ ಬೋಲ್ಟ್ ರೈಫಲ್ (ಬೋಲ್ಟ್ ಅನ್ನೋ ಸಲಾಕೆಯನ್ನು ಕೈಯಲ್ಲಿ ಹಿಂದೆ ಮುಂದೆ ಎಳೆದು ಗುಂಡು ತುಂಬುವ ಕೋವಿ) ಇದ್ದು, ಅದರಲ್ಲಿ ಫ್ಯಾಕ್ಟರಿಯಿಂದ ಬಂದದ್ದು ಎಷ್ಟು, ಆಮೇಲೆ ಯಾರೋ ಬದಲಾಯಿಸಿದ್ದು ಎಷ್ಟು ಅಂತ ತಿಳಿಯಬೇಕಾದವರು ಕಂಟೋನ್ಮೆಂಟ್ ಕಡೆಯ ಈ ಸಣ್ಣ ಅಂಗಡಿಗೆ ಖಂಡಿತ ಹೋಗಿ.

ನಮ್ಮದು ಅಮೆರಿಕದ ವಿಂಚೆಸ್ಟರ್ ಕಂಪನಿಯ ಮಾಡೆಲ್ 70, ಅದರಲ್ಲೂ ಮೇಲ್ದರ್ಜೆಯ ಸೂಪರ್ ಗ್ರೇಡ್, ಗುಂಡಿನ ಅಳತೆ .375 ಇಂಚು. ಅಪ್ಪನ ನಂತರ ನನ್ನ ಲೈಸೆನ್ಸ್‌ಗೆ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆಯ ಮಾತೇ ಇಲ್ಲ, ಸುಮ್ನೆ ಜೋಪಾನ ಮಾಡಿಕೊಂಡು ಬಂದಿದ್ದೇವೆ. ಈ ಮಾಡೆಲ್ ಶುರುವಾಗಿದ್ದು 1936ರಲ್ಲಿ. 1964ರಲ್ಲಿ ಕಂಪನಿ ಖರ್ಚು ಇಳಿಸಲು ವಿನ್ಯಾಸ ಬದಲಿಸಿತು, ಬೋಲ್ಟ್ ಪಕ್ಕದ ಉದ್ದನೆಯ ಎಕ್ಸ್‌ಟ್ರಾಕ್ಟರ್ (ಖಾಲಿ ತೋಟಾವನ್ನು ಹೊರಗೆಳೆಯುವ ಉಕ್ಕಿನ ಪಟ್ಟಿ) ಹೋಯಿತು, ಅದಕ್ಕೇ ಅದರ ಹಿಂದಿನವಕ್ಕೆ ಬೇಡಿಕೆ ಜಾಸ್ತಿ.

ಮೊದಲು ಬೇರೆ ಕಡೆ ಕೇಳಿದ್ದೆ. ನೋಡಿದ ತಕ್ಷಣ "ಬಫ್ ಹೊಡೆದು ಹೊಸ ಬ್ಲೂಯಿಂಗ್ ಹಾಕಿಕೊಡ್ತೀವಿ, ಫಳಫಳ ಅನ್ನುತ್ತೆ" ಅಂದರು, ಅಂದರೆ ಲೋಹವನ್ನು ಉಜ್ಜಿ ಹೊಳಪಿಸಿ ಮತ್ತೆ ಕಪ್ಪು-ನೀಲಿ ಬಣ್ಣ ಹಿಡಿಸೋದು. ಇಲ್ಲಿನ ಯಜಮಾನರು ಅದನ್ನು ಕೇಳಿಯೇ ಬೇಜಾರಾದರು. ನಳಿಗೆಯ ಮೇಲಿನ ಅಕ್ಷರಗಳನ್ನು ಲೆನ್ಸ್ ಇಟ್ಟು ತೋರಿಸಿದರು: ಅಂಚು ಇನ್ನೂ ಚೂಪಾಗಿದೆ. ಬಫ್ ಹೊಡೆದರೆ ಅಕ್ಷರ ಸವೆದು ಮಂಕಾಗುತ್ತದೆ, ಸ್ಕ್ರೂ ತೂತಿನ ಸುತ್ತ ಲೋಹ ತಟ್ಟೆಯ ಹಾಗೆ ತಗ್ಗಾಗುತ್ತದೆ, ಆಮೇಲೆ ಎಷ್ಟು ದುಡ್ಡು ಕೊಟ್ಟರೂ ಅದು ವಾಪಸ್ ಬರಲ್ಲ.

ಕೆಳಗಿನ ಪ್ಲೇಟ್ ಮೇಲೆ 'ಸೂಪರ್ ಗ್ರೇಡ್' ಅಂತ ಕೆತ್ತಿದೆ ಅಲ್ವಾ, ಅಷ್ಟೇ ಸಾಕು ಅಂದುಕೊಳ್ಳುವವರು ಬಹಳ ಜನ. ಸಾಲದು. ಆ ಪ್ಲೇಟನ್ನು ಬೇರೆ ಕೋವಿಯಿಂದ ತಂದು ಕೂರಿಸಬಹುದು. ಅದಕ್ಕೇ ಈ ಯಜಮಾನರು ಸ್ಟಾಕ್ (ಕೋವಿಯ ಮರದ ಭಾಗ) ಪೂರ್ತಿ ನೋಡಿದರು: ಕೆನ್ನೆ ಒರಗುವ ಉಬ್ಬು, ಮುಂತುದಿಯ ಕಪ್ಪು ತುಂಡು, ಹಿಡಿಯ ಕೆಳಗೆ ವಿಂಚೆಸ್ಟರ್ ಹೆಸರಿನ ಉಕ್ಕಿನ ಮುಚ್ಚಳ, ಅಡಿಯಿಂದ ಸುತ್ತಿ ಬರುವ ಚೆಕ್ಕರಿಂಗ್ (ಕೈ ಜಾರದಂತೆ ಮರದಲ್ಲಿ ಕೊರೆದ ಚೌಕಳಿ ಗೆರೆಗಳು). ಮರ ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರ ಇದ್ದರೆ ಒಳ್ಳೆಯದು. ತಗ್ಗಿದ್ದರೆ ಯಾರೋ ಉಪ್ಪುಕಾಗದ ಉಜ್ಜಿದ್ದಾರೆ ಅಂತ ಅರ್ಥ. ಬೋಲ್ಟ್ ಹೊರಗೆ ತೆಗೆದು ಅದರ ಅಡಿಯಲ್ಲಿ ಕೈಯಲ್ಲಿ ಗೀಚಿದ ಹಾಗಿರುವ ನಂಬರನ್ನು ರಿಸೀವರ್ (ಬೋಲ್ಟ್ ಕೂರುವ ಮುಖ್ಯ ಲೋಹದ ಭಾಗ) ನಂಬರಿನ ಜೊತೆ ತಾಳೆ ನೋಡಿದರು, ಸರಿಹೋಯಿತು. ಮೊಟ್ಟೆಯಾಕಾರದೊಳಗಿನ ಡಬ್ಲ್ಯೂಪಿ ಮುದ್ರೆ, ಅಂದರೆ ವಿಂಚೆಸ್ಟರ್ ಫ್ಯಾಕ್ಟರಿಯಲ್ಲಿ ಪರೀಕ್ಷೆ ಆದ ಗುರುತು, ನಳಿಗೆ, ರಿಸೀವರ್ ಎರಡರ ಮೇಲೂ ಇದೆ. ಹಿಂದಿನ ರಬ್ಬರ್ ಪ್ಯಾಡ್ ಮಾತ್ರ ಆಮೇಲೆ ಹಾಕಿದ್ದು, ಅದಕ್ಕಾಗಿ ಮರವನ್ನೂ ಕತ್ತರಿಸಿದ್ದಾರೆ. ಇದರಿಂದ ಬೆಲೆ ಕಡಿಮೆಯಾಗುತ್ತದೆ ಅಂತ ಮುಚ್ಚುಮರೆ ಇಲ್ಲದೆ ಹೇಳಿದರು. ಆ ನೇರ ಮಾತು ನನಗೆ ತುಂಬಾ ಹಿಡಿಸಿತು.

ಕೊರತೆ ಅಂದರೆ ಬರಹದಲ್ಲಿ ಏನೂ ಕೊಡಲ್ಲ. ಜಾಗ ಇಕ್ಕಟ್ಟು, ಪಾರ್ಕಿಂಗ್ ಇಲ್ಲವೇ ಇಲ್ಲ. ಅವಸರದಲ್ಲಿ ಹೋಗಬೇಡಿ, ನಿಧಾನವಾಗಿ ಬಿಚ್ಚಿ ನೋಡುತ್ತಾರೆ, ಫೋಟೋ ತೆಗೆದುಕೊಳ್ಳಲು ಬಿಡುತ್ತಾರೆ. ಮೂಲ ಲೈಸೆನ್ಸ್ ಪುಸ್ತಕ ಕೈಯಲ್ಲಿರಲಿ, ಜೆರಾಕ್ಸ್ ತೋರಿಸಿದರೆ ಕೋವಿಯ ಚೀಲವನ್ನೂ ಬಿಚ್ಚಲ್ಲ.