ಅಂಡಮಾನ್‌ಗೆ ಡಿಸೆಂಬರ್‌ಗಿಂತ ಏಪ್ರಿಲ್ ವಾಸಿ

ಅಂಡಮಾನ್ ಪ್ಯಾಕೇಜ್ ಮಾರುವವರು "ಅಕ್ಟೋಬರ್‌ನಿಂದ ಮೇ ತನಕ ಸೀಸನ್" ಅನ್ನುತ್ತಾರೆ. ಎಂಟು ತಿಂಗಳನ್ನೂ ಒಂದೇ ಚೀಲಕ್ಕೆ ತುಂಬುವ ಮಾತು ಇದು. ಕೊಟ್ಟ ದುಡ್ಡಿಗೆ ಮೋಸವಾಗದ ಕಾಲ ಫೆಬ್ರವರಿ ಮಧ್ಯದಿಂದ ಏಪ್ರಿಲ್ ಕೊನೆಯವರೆಗಿನ ಹತ್ತು ವಾರ ಮಾತ್ರ. ಅತಿ ದುಬಾರಿಯಾದ ಕ್ರಿಸ್‌ಮಸ್ ವಾರಕ್ಕೆ ಐದರಲ್ಲಿ ಎರಡೂವರೆ ಅಂಕ ಕೊಟ್ಟರೆ ಹೆಚ್ಚು.

ಇದನ್ನು ತೀರ್ಮಾನಿಸುವುದು ಮಳೆಗಿಂತ ಮುಖ್ಯವಾಗಿ ಗಾಳಿ. ಮಳೆ ಬಂದರೆ ಕೊಡೆ ಹಿಡಿಯಬಹುದು, ಗಾಳಿ ಎದ್ದರೆ ದ್ವೀಪದಿಂದ ದ್ವೀಪಕ್ಕೆ ಒಯ್ಯುವ ಫೆರಿಯೇ ಹೊರಡುವುದಿಲ್ಲ. ಪೋರ್ಟ್‌ಬ್ಲೇರ್‌ನಲ್ಲಿ (2024ರಿಂದ ಇದರ ಹೆಸರು ಶ್ರೀ ವಿಜಯಪುರಂ) ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದೂ ಎರಡು ಕಂತಿನಲ್ಲಿ. ನೈಋತ್ಯ ಮುಂಗಾರು ಕೇರಳ ಮುಟ್ಟುವ ಹತ್ತು ದಿನ ಮೊದಲೇ, ಮೇ 20ರ ಆಸುಪಾಸಿನಲ್ಲಿ, ಇಲ್ಲಿಗೆ ಬಂದಿರುತ್ತದೆ. ನಮ್ಮ ಲೆಕ್ಕದಲ್ಲಿ ಕೃತ್ತಿಕಾ ಮಳೆಯ ಹೊತ್ತು. ಮುಂಗಾರು ಹಿಂದೆ ಸರಿಯುತ್ತಿದ್ದಂತೆ ಈಶಾನ್ಯ ಮಾರುತ ಮತ್ತು ಬಂಗಾಳ ಕೊಲ್ಲಿಯ ಚಂಡಮಾರುತಗಳ ಸರದಿ. 2016ರ ಡಿಸೆಂಬರ್‌ನಲ್ಲಿ, ಮುಂದೆ 'ವರ್ದಾ' ಆದ ವಾಯುಭಾರ ಕುಸಿತದಿಂದ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ಅವರನ್ನು ಕರೆತರಲು ನೌಕಾಪಡೆಯೇ ಹೋಗಬೇಕಾಯಿತು. ಜನವರಿ ಬಂದರೆ ಪಾರು ಅನ್ನುವಂತೆಯೂ ಇಲ್ಲ. 'ಪಬುಕ್' ಚಂಡಮಾರುತ ಥಾಯ್ಲೆಂಡ್ ದಾಟಿ ಅಂಡಮಾನ್ ಕಡೆ ಬಂದದ್ದು 2019ರ ಜನವರಿ ಮೊದಲ ವಾರದಲ್ಲಿ.

ಚಂಡಮಾರುತವೇ ಇಲ್ಲದ ಡಿಸೆಂಬರ್‌ನಲ್ಲೂ ಫೆರಿ ಪ್ರಯಾಣ ಸುಖವಲ್ಲ. ಹ್ಯಾವ್‌ಲಾಕ್ ಇರುವುದು ಪೋರ್ಟ್‌ಬ್ಲೇರ್‌ನ ಈಶಾನ್ಯಕ್ಕೆ, ಆ ಕಾಲದ ಗಾಳಿ ಬೀಸುವುದೂ ಈಶಾನ್ಯದಿಂದಲೇ. ಹೋಗುವಾಗ ಅಲೆ ನೇರ ಮೂತಿಗೆ ಹೊಡೆಯುತ್ತದೆ. ಮಕ್ರುಝ್, ನಾಟಿಕಾದಂಥ ಖಾಸಗಿ ವೇಗದ ಹಡಗಿಗೆ ಇದು ಸುಮಾರು ಒಂದೂವರೆ ಗಂಟೆಯ ದಾರಿ, ಸರ್ಕಾರಿ ಹಡಗಿಗೆ ಎರಡೂವರೆ ಗಂಟೆ. ಮುಚ್ಚಿದ ಏಸಿ ಕ್ಯಾಬಿನ್‌ನಲ್ಲಿ ಒಬ್ಬರು ವಾಂತಿ ಶುರು ಮಾಡಿದರೆ ಸಾಲಿಗೆ ಸಾಲೇ ಚೀಲ ಹುಡುಕುತ್ತದೆ. ಮುಂದಿನ ಕಿಟಕಿಯ ಸೀಟು ನೋಡಲು ಚೆಂದ, ಆದರೆ ಅತಿ ಹೆಚ್ಚು ಎತ್ತಿ ಕುಕ್ಕುವುದು ಹಡಗಿನ ಮುಂಭಾಗವೇ. ಕೆಳ ಅಂತಸ್ತಿನ ನಡುಭಾಗ ಇಲ್ಲವೇ ಅದರ ಹಿಂದಿನ ಸಾಲು ಆರಿಸಿ. ವಾಂತಿ ಮಾತ್ರೆಯನ್ನು ಹಡಗು ಹತ್ತುವ ಒಂದು ಗಂಟೆ ಮೊದಲೇ ನುಂಗಿರಬೇಕು, ಹೊಟ್ಟೆ ತೊಳೆಸತೊಡಗಿದ ಮೇಲೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಇದೇ ಹಡಗು, ಇದೇ ಸೀಟು ಮಾರ್ಚ್‌ನಲ್ಲಿ ಐರಾವತ ಬಸ್ಸಿನಷ್ಟೇ ನೆಮ್ಮದಿ.

ಹ್ಯಾವ್‌ಲಾಕ್‌ನಲ್ಲಿ ಯಾವ ಬೀಚು ಯಾವ ದಿಕ್ಕಿಗಿದೆ ಎಂಬುದನ್ನು ಹೋಟೆಲ್ ಜಾಹೀರಾತು ಹೇಳುವುದಿಲ್ಲ. ರಾಧಾನಗರ (ಸ್ಥಳೀಯರ ಲೆಕ್ಕದಲ್ಲಿ 7ನೇ ನಂಬರ್) ಪಶ್ಚಿಮಕ್ಕೆ ತೆರೆದಿದೆ, ಮುಂಗಾರಿನ ಅಲೆ ಅಪ್ಪಳಿಸುವುದು ಅಲ್ಲಿಗೆ. ಹೆಚ್ಚಿನ ರೆಸಾರ್ಟ್‌ಗಳಿರುವ ವಿಜಯನಗರ (5ನೇ ನಂಬರ್) ಮತ್ತು ಕಾಲಾಪತ್ಥರ್ ಪೂರ್ವಕ್ಕಿವೆ, ಚಳಿಗಾಲದ ಗಾಳಿಗೆ ಕದಡುವುದು ಆ ಕಡೆಯ ನೀರು. ಎರಡೂ ಬದಿಯ ನೀರು ಒಟ್ಟಿಗೆ ಶಾಂತವಾಗಿರುವುದು ನಾನು ಹೇಳುವ ಆ ಹತ್ತು ವಾರಗಳಲ್ಲೇ. ಇನ್ನೊಂದು ಮಾತು: ವಿಜಯನಗರದಲ್ಲಿ "ಕೋಣೆಯ ಎದುರೇ ಕಡಲು" ಎಂದು ಹೆಚ್ಚು ಬಾಡಿಗೆ ಕೊಡುವ ಮುನ್ನ ಯೋಚಿಸಿ. ಇಳಿತದಲ್ಲಿ ನೀರು ಬಹುದೂರ ಹಿಂದೆ ಸರಿದು ಕಲ್ಲು, ಸತ್ತ ಹವಳ ಎದ್ದು ಕಾಣುತ್ತವೆ. ಆಗ ಅಲ್ಲಿ ಈಜುವುದಿರಲಿ, ಚಪ್ಪಲಿಯಿಲ್ಲದೆ ನಡೆಯುವುದೂ ಕಷ್ಟ.

ಹಾಗಾಗಿ ತಿಂಗಳು ಗೊತ್ತಾದ ಮೇಲೆ ತಿಥಿಯನ್ನೂ ನೋಡಿ. ಮುಹೂರ್ತಕ್ಕಲ್ಲ, ನೀರಿಗೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಉಬ್ಬರ ಅತಿ ಎತ್ತರ, ಇಳಿತ ಅತಿ ಆಳ. ಅಷ್ಟಮಿಯ ಹೊತ್ತಿಗೆ ಎರಡರ ಅಂತರ ತಗ್ಗಿರುತ್ತದೆ. ನೀಲ್‌ನ ಕಲ್ಲಿನ ಕಮಾನಿನ ಬುಡಕ್ಕೆ ನಡೆದು ಹೋಗಲು ಇಳಿತ ಬೇಕು, ಅಲ್ಲೇ ಭರತ್‌ಪುರದಲ್ಲಿ ಈಜಲು ನೀರು ತುಂಬಿರಬೇಕು. ಈ ಹೊತ್ತುಗಳು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಹೀಗಾಗಿ ನೀಲ್‌ಗೆ ಬೆಳಗ್ಗೆ ಬಂದು ಮಧ್ಯಾಹ್ನ ಹೊರಡುವ ಪ್ಯಾಕೇಜ್‌ನಲ್ಲಿ ಎರಡರಲ್ಲೊಂದು ತಪ್ಪುವುದು ಹೆಚ್ಚು, ಒಂದು ರಾತ್ರಿ ಉಳಿಯುವುದು ಮೇಲು. ರಾತ್ರಿ ನೀರಿಗೆ ಕೈ ಹಾಕಿದರೆ ಮಿನುಗುವ ಜೀವಿಗಳನ್ನು ಕಯಾಕ್‌ನಿಂದ ನೋಡುವ ಆಸೆಯಿದ್ದರೆ ಅಮಾವಾಸ್ಯೆಯ ಆಸುಪಾಸು ಮಾತ್ರ. ಬೆಳದಿಂಗಳಲ್ಲಿ ಅದಕ್ಕೆ ಕೊಡುವ ದುಡ್ಡು ನೀರುಪಾಲು.

ಬೆಳಕಿನ ಲೆಕ್ಕವೂ ಇದೆ. ಗಡಿಯಾರ ನಮ್ಮದೇ ಆದರೂ ಸೂರ್ಯ ನಮ್ಮವನಲ್ಲ. ಡಿಸೆಂಬರ್ ಆರಂಭದಲ್ಲಿ ಸಂಜೆ ಐದಕ್ಕೆಲ್ಲ ಮುಳುಗಿರುತ್ತಾನೆ. ಏಪ್ರಿಲ್ ಮಧ್ಯದಲ್ಲಿ ಐದೂವರೆಯವರೆಗೂ ಇರುತ್ತಾನೆ, ಬೆಳಗ್ಗೆ ಐದೂಕಾಲರ ಒಳಗೇ ಎದ್ದಿರುತ್ತಾನೆ. ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಬೆಳಕು ಸಿಕ್ಕಂತೆ. ಏಪ್ರಿಲ್‌ನಲ್ಲಿ ಎದ್ದು ಹೊರಡುವ ಹೊತ್ತು ಐದೂವರೆಯೇ, ಏಳಕ್ಕಲ್ಲ.

ಏಪ್ರಿಲ್‌ನ ದೋಷಗಳನ್ನೂ ಹೇಳಬೇಕು. ಸೆಕೆ ಜೋರು. ಮಂಗಳೂರು, ಉಡುಪಿಯವರಿಗೆ ಹೊಸದಲ್ಲ, ಬೆಂಗಳೂರಿನವರು ಹನ್ನೊಂದರಿಂದ ಮೂರರವರೆಗೆ ಒಳಗಿರುವುದೇ ಸರಿ. ನೀರಿನ ಬಿಸಿ 30 ಡಿಗ್ರಿ ಮುಟ್ಟುತ್ತದೆ. ಅದು ಮಿತಿಮೀರಿದ 2010ರ ಬೇಸಿಗೆಯಲ್ಲಿ ಇಲ್ಲಿನ ಹವಳ ಭಾರೀ ಪ್ರಮಾಣದಲ್ಲಿ ಬಿಳಿಚಿಕೊಂಡಿತ್ತು. ಹವಳವೇ ಮುಖ್ಯ ಆಕರ್ಷಣೆ ಎನ್ನುವವರು ಮಾರ್ಚ್‌ನಲ್ಲೇ ಹೋಗಿಬರಲಿ. ಮಕ್ಕಳಿರುವ ಮನೆಗೆ ಮಾತ್ರ ಬೇಸಿಗೆ ರಜೆಯ ಮೊದಲ ಮೂರು ವಾರವೇ ಗಟ್ಟಿ. ಮೇ 10 ದಾಟಿದರೆ ಜೂಜು. ದಸರಾ ರಜೆ ಬೀಳುವುದು ಎರಡು ಮಾರುತಗಳ ಸಂಧಿಯಲ್ಲಿ, ಅದು ಇನ್ನೂ ದೊಡ್ಡ ಜೂಜು.

ಮಳೆಗಾಲ ಪೂರ್ತಿ ದಂಡವಲ್ಲ. ಸೆಲ್ಯುಲರ್ ಜೈಲು, ಛಾಥಮ್ ಸಾಮಿಲ್ಲು ನೋಡಲು ಯಾವ ತಿಂಗಳಾದರೂ ಸರಿ, ಕೋಣೆಗಳೂ ಅಗ್ಗ. ಆದರೆ ವಂಡೂರಿನ ಜಾಲಿ ಬಾಯ್ ದ್ವೀಪ ಆಗ ಮುಚ್ಚಿದ್ದು, ದೋಣಿ ರೆಡ್ ಸ್ಕಿನ್ ದ್ವೀಪಕ್ಕೆ ಹೋಗುತ್ತದೆ. ಚಳಿಗಾಲದ ಪರವಾಗಿ ಒಂದೇ ಗಟ್ಟಿ ಕಾರಣ ದಿಗ್ಲಿಪುರದ ಕಾಲಿಪುರ ಬೀಚು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಆದರೆ ಪೋರ್ಟ್‌ಬ್ಲೇರ್‌ನಿಂದ ರಸ್ತೆ 300 ಕಿ.ಮೀ. ಮೀರುತ್ತದೆ. ಐದು ದಿನದ ಪ್ರವಾಸದಲ್ಲಿ ಅದನ್ನು ತುರುಕಬೇಡಿ.

ಬುಕಿಂಗ್ ಮಾಡುವಾಗ ಮೊದಲು ವಿಮಾನ, ಕೂಡಲೇ ಫೆರಿ, ಆಮೇಲೆ ಹೋಟೆಲ್. ಹೋಟೆಲ್ ಮೊದಲು ಹಿಡಿದವರಿಗೆ ಬೇಕಾದ ದಿನದ ಬೆಳಗಿನ ಫೆರಿ ಸಿಗದೆ ಅರ್ಧ ದಿನ ಜೆಟ್ಟಿಯಲ್ಲೇ ಕಳೆಯುತ್ತದೆ. ಕೊನೆಯ ರಾತ್ರಿ, ತಿಂಗಳು ಯಾವುದೇ ಇರಲಿ, ಪೋರ್ಟ್‌ಬ್ಲೇರ್‌ನಲ್ಲೇ ಇರಲಿ. ವಿಮಾನದ ದಿನವೇ ಹ್ಯಾವ್‌ಲಾಕ್ ಬಿಡುವ ಯೋಜನೆ ಒಂದು ಫೆರಿ ರದ್ದಾದರೆ ಕುಸಿಯುತ್ತದೆ. ಸ್ಕೂಬಾ ಮಾಡುವವರಿಗೆ ಇದರಿಂದ ಇನ್ನೊಂದು ಅನುಕೂಲವಿದೆ: ಕೊನೆಯ ಡೈವ್ ಆದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಅಂತರ ಬೇಕು.