ಮನಾಲಿ ಹಿಮದಲ್ಲಿ ದುಡ್ಡು ಎಲ್ಲಿ ಹಾಕಬೇಕು: ಸ್ಕೀ, ಸಿಸ್ಸು, ಪ್ಯಾರಾಗ್ಲೈಡಿಂಗ್, ವಸಿಷ್ಠದ ಬಿಸಿನೀರು

ಜನವರಿಯ ಮನಾಲಿಯಲ್ಲಿ ನನ್ನ ವೋಟು ಸ್ಕೀ ಪಾಠಕ್ಕೆ. ಒಬ್ಬ ಹುಡುಗ ಹೇಳಿಕೊಡುತ್ತಾನೆ, ನಾವು ಬೀಳುತ್ತೇವೆ, ಏಳುತ್ತೇವೆ, ಅರ್ಧ ದಿನ ಹೋಗಿದ್ದೇ ಗೊತ್ತಾಗುವುದಿಲ್ಲ. ಹೆಂಡತಿಯ ವೋಟು ವಸಿಷ್ಠದ ಬಿಸಿನೀರಿಗೆ. ಮಗಳದ್ದು ಅಟಲ್ ಸುರಂಗದಾಚೆಯ ಸಿಸ್ಸು ಹಳ್ಳಿಗೆ. ಮನೆಯಲ್ಲಿ ಇನ್ನೂ ಒಮ್ಮತ ಇಲ್ಲ. ಬರೆಯುತ್ತಿರುವವನು ನಾನಾದ್ದರಿಂದ ಇಲ್ಲಿ ಸ್ಕೀಯೇ ಗೆಲ್ಲುತ್ತದೆ.

ಮನಾಲಿಗೆ ಹೋಗುವುದು ಹೇಗೆ, ಚಳಿ ಎಷ್ಟು ಅಂತೆಲ್ಲ ಬರೆಯುವುದಿಲ್ಲ. ಒಂದು ಮಾತು ಮಾತ್ರ: ಊರಲ್ಲೇ ಹಿಮ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಊರು ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಅಲ್ಲಿ ಬಿದ್ದ ಹಿಮ ಒಳ್ಳೆ ಬಿಸಿಲು ಬಂದರೆ ಮಾಲ್ ರೋಡಿನಲ್ಲಿ ಕೆಸರಾಗುತ್ತದೆ. ಆಡುವಷ್ಟು ಹಿಮ ಬೇಕೆಂದರೆ ಮೇಲೆ ಹೋಗಬೇಕು. ಒಂದೋ ಸುಮಾರು 13 ಕಿಲೋಮೀಟರ್ ದೂರದ ಸೋಲಂಗ್ ಕಣಿವೆ, ಇಲ್ಲವೇ ಅಟಲ್ ಸುರಂಗ ದಾಟಿ ಸಿಸ್ಸು. ಬೆಟ್ಟ ದಾಟುವ ರೋಹ್ತಾಂಗ್ ಪಾಸ್ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಜನವರಿಯಲ್ಲಿ ರೋಹ್ತಾಂಗ್ ತೋರಿಸುತ್ತೇನೆ ಅನ್ನುವ ಡ್ರೈವರ್ ತೋರಿಸುವುದು ಬೇರೆ ಯಾವುದೋ ಗುಡ್ಡವನ್ನು.

ಯಾವ ಆಟ ಆರಿಸಿದರೂ ಮೊದಲು ಎದುರಾಗುವುದು ಬಾಡಿಗೆ ಬಟ್ಟೆಯ ಅಂಗಡಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ನಮ್ಮ ಮೊದಲ ದಿನ ಹಾಳು ಮಾಡಿದ್ದು ಚಳಿಯಲ್ಲ, ಬೂಟು.

ಸೋಲಂಗ್ ದಾರಿಯ ಉದ್ದಕ್ಕೂ ನಂಬರ್ ಹಾಕಿದ ಅಂಗಡಿಗಳ ಸಾಲು ಇದೆ. ದಪ್ಪ ಸೂಟು, ಗಂಬೂಟು, ಗ್ಲೌಸು ಎಲ್ಲ ಬಾಡಿಗೆಗೆ ಸಿಗುತ್ತವೆ. ನಿಮಗೆ ಇಷ್ಟವಾದ ಅಂಗಡಿಯ ಮುಂದೆ ಟ್ಯಾಕ್ಸಿ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಡ್ರೈವರಿಗೆ ಪರಿಚಯದ ಒಂದು ನಂಬರ್ ಇರುತ್ತದೆ, ಅಲ್ಲೇ ನಿಲ್ಲುತ್ತದೆ. ಪಕ್ಕದ ಅಂಗಡಿ ನೋಡುತ್ತೇನೆ ಅಂದರೆ ಮುಖ ಗಂಟಾಗುತ್ತದೆ. ಸಂಜೆ ಅದೇ ಮುಖದ ಜೊತೆ ವಾಪಸ್ ಬರಬೇಕಲ್ವಾ, ಹಾಗಾಗಿ ಎಲ್ಲರೂ ಸುಮ್ನೆ ಒಪ್ಪಿಕೊಳ್ಳುತ್ತಾರೆ.

ನಮಗೆ ಕೊಟ್ಟ ಬೂಟುಗಳು ಒಳಗೆ ಒದ್ದೆ. ಕಾಲು ಹಾಕಿದ ಕೂಡಲೇ ತಣ್ಣನೆ ನೀರು ಬೆರಳ ಸಂದಿಗೆ ಬಂತು. ಅಂಗಡಿಯವನಿಗೆ ಹೇಳಿದರೆ, 'ಬರ್ಫ್ ಮೇ ಜಾ ರಹೇ ಹೋ ಸಾಬ್, ಗೀಲಾ ತೋ ಹೋಗಾ ಹೀ' ಅಂದ. ಹಿಮಕ್ಕೆ ಹೋಗುತ್ತಿದ್ದೀರಿ, ಒದ್ದೆ ಆಗಿಯೇ ಆಗುತ್ತದೆ ಅಂತ. ಬೇರೆ ಜೋಡಿ ಕೇಳಿದೆವು. ಅದೂ ಒದ್ದೆ, ಜೊತೆಗೆ ಒಂದು ಸೈಜ್ ದೊಡ್ಡದು. ದೊಡ್ಡ ಬೂಟಿನ ಬಾಯಿಯಿಂದ ಹಿಮ ಒಳಗೆ ಬೀಳುತ್ತದೆ, ಕಾಲಿನ ಬಿಸಿಗೆ ಕರಗುತ್ತದೆ, ಕಾಲ್ಚೀಲ ಕುಡಿಯುತ್ತದೆ. ಮಗಳು ಹಿಮದಲ್ಲಿ ಓಡಾಡಿದ್ದಕ್ಕಿಂತ ಮ್ಯಾಗಿ ಅಂಗಡಿಯ ಒಲೆ ಪಕ್ಕ ಕಾಲು ಚಾಚಿ ಕೂತದ್ದೇ ಹೆಚ್ಚು.

ಕಾರಣ ದೊಡ್ಡದೇನಲ್ಲ. ಸಂಜೆ ವಾಪಸ್ ಬಂದ ಬೂಟು ರಾತ್ರಿಯೆಲ್ಲ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ತಗಡಿನ ಅಂಗಡಿಯಲ್ಲಿ ಬಿದ್ದಿರುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಮನೆಯಲ್ಲಿ ಬಟ್ಟೆ ಒಣಗದ ಹಾಗೆ ಅದೂ ಒಣಗುವುದಿಲ್ಲ. ಬೆಳಗ್ಗೆ ಮೊದಲ ಗಿರಾಕಿಯ ಕಾಲಿಗೆ ಅದೇ ಬೂಟು.

ಮರುದಿನದಿಂದ ನಾವು ಮಾಡಿದ್ದು ಹೀಗೆ. ಹಿಂದಿನ ಸಂಜೆಯೇ ಊರೊಳಗಿನ ಅಂಗಡಿಯಿಂದ ಬೂಟು ತಂದೆವು. ಬಾಡಿಗೆಯಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ದುಡ್ಡು ಕೊಡುವ ಮೊದಲು ಬೂಟಿನ ಒಳಗೆ ಕೈ ಹಾಕಿ ತುದಿಯವರೆಗೂ ಮುಟ್ಟಿ ನೋಡಿದೆವು. ರಾತ್ರಿ ಹಳೆ ಪೇಪರ್ ತುರುಕಿ ರೂಮಿನ ಹೀಟರ್‌ನಿಂದ ಸ್ವಲ್ಪ ದೂರ ಇಟ್ಟೆವು. ಬೆಳಗ್ಗೆ ಒಂದು ತೆಳು ಕಾಲ್ಚೀಲ, ಅದರ ಮೇಲೆ ಪ್ಲಾಸ್ಟಿಕ್ ಕವರ್, ಅದರ ಮೇಲೆ ಉಣ್ಣೆಯ ಕಾಲ್ಚೀಲ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಬೂಟಿನೊಳಗೆ ಯಾರು ನೋಡುತ್ತಾರೆ? ಸೂಟು ಮಾತ್ರ ದಾರಿಯಲ್ಲೇ ತಗೊಂಡರೂ ನಡೆಯುತ್ತದೆ. ಜಿಪ್ ಪೂರ್ತಿ ಏರುತ್ತದಾ ಅಂತ ಅಲ್ಲೇ ನೋಡಿಕೊಳ್ಳಿ.

ಈಗ ಸ್ಕೀಗೆ ಬರೋಣ. ಸೋಲಂಗ್ ಇಳಿಜಾರಿನ ಬುಡದಲ್ಲೇ ಸ್ಕೀ ಹಿಡಿದುಕೊಂಡು ಹುಡುಗರು ನಿಂತಿರುತ್ತಾರೆ. ಹೆಚ್ಚಿನವರು ಸುತ್ತಲಿನ ಹಳ್ಳಿಯವರು. ನಮಗೆ ಸಿಕ್ಕವನ ಮನೆಯಲ್ಲಿ ಸೇಬಿನ ತೋಟ, ಬೇಸಿಗೆಯಲ್ಲಿ ಟ್ಯಾಕ್ಸಿ, ಚಳಿಗಾಲದಲ್ಲಿ ಇದು. ಹತ್ತು ನಿಮಿಷಕ್ಕೆ ಇಷ್ಟು, ಒಂದು ರೌಂಡಿಗೆ ಇಷ್ಟು ಅಂತ ಶುರು ಮಾಡುತ್ತಾರೆ. ರೌಂಡಿನ ಲೆಕ್ಕಕ್ಕೆ ಒಪ್ಪಬೇಡಿ. ಆ ಲೆಕ್ಕದಲ್ಲಿ ಅವನೇ ನಿಮ್ಮನ್ನು ಹಿಡಿದುಕೊಂಡು ಕೆಳಗೆ ಜಾರಿಸುತ್ತಾನೆ, ಫೋಟೋ ತೆಗೆಯುತ್ತಾನೆ, ಮುಗಿಯಿತು. ಬೆಳಗ್ಗೆ ಬೇಗ ಹೋಗಿ, 'ಕಲಿಸಬೇಕು, ಮಧ್ಯಾಹ್ನದವರೆಗೆ' ಅಂತ ಒಟ್ಟಿಗೆ ಮಾತಾಡಿಕೊಳ್ಳಿ. ಚೌಕಾಸಿ ಮಾಡಿ ನಾನು ಕೊಟ್ಟದ್ದು 1,500 ರೂಪಾಯಿ, ಸ್ಕೀ ಮತ್ತು ಬೂಟು ಸೇರಿ.

ಸ್ಕೀ ಬೂಟು ಗಂಬೂಟಿನ ಹಾಗಲ್ಲ. ಗಟ್ಟಿ ಪ್ಲಾಸ್ಟಿಕ್, ಮೊಣಕಾಲಿನ ಕೆಳಗೆ ಬಿಗಿಯಾಗಿ ಹಿಡಿಯುತ್ತದೆ, ನಡೆಯುವುದೇ ಒಂದು ಸರ್ಕಸ್ಸು. ಮೊದಲ ಪಾಠ ಬೀಳುವುದು. ಹಿಂದಕ್ಕೆ ಅಲ್ಲ, ಪಕ್ಕಕ್ಕೆ. ಎರಡನೆಯದು ಹತ್ತುವುದು. ಕಲಿಯುವವರ ಚಿಕ್ಕ ಇಳಿಜಾರಿನಲ್ಲಿ ಲಿಫ್ಟ್ ಇರುವುದಿಲ್ಲ, ಇಳಿಜಾರಿಗೆ ಅಡ್ಡಲಾಗಿ ನಿಂತು ಏಡಿ ನಡೆಯುವ ರೀತಿ ಒಂದೊಂದೇ ಹೆಜ್ಜೆ ಮೇಲಕ್ಕೆ ಇಡಬೇಕು. ತೊಡೆ ಉರಿಯುತ್ತದೆ. ಬೆಂಗಳೂರಿನಲ್ಲಿ ಲಿಫ್ಟ್ ಹತ್ತಿ ಆಫೀಸಿಗೆ ಹೋಗುವವರಿಗೆ ಇದೇ ನಿಜವಾದ ಶಿಕ್ಷೆ. ಮೂರನೆಯದು ನಿಲ್ಲುವುದು. ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂಬದಿ ಅಗಲ ಮಾಡಿದರೆ ಒಳಗಿನ ಅಂಚು ಹಿಮವನ್ನು ಕಚ್ಚಿಕೊಂಡು ವೇಗ ತಗ್ಗುತ್ತದೆ. ಹೆದರಿಕೆಗೆ ಮೈ ಹಿಂದಕ್ಕೆ ವಾಲುತ್ತದೆ, ವಾಲಿದರೆ ವೇಗ ಜಾಸ್ತಿಯಾಗುತ್ತದೆ. ಮುಂದಕ್ಕೆ ಬಾಗಿದರೇ ಹಿಡಿತ. ಇದು ತಲೆಗೆ ಬೇಗ ಹೋಗುತ್ತದೆ, ಕಾಲಿಗೆ ಹೋಗಲು ಬೆಳಗೆಲ್ಲ ಬೇಕು. ಊಟದ ಹೊತ್ತಿಗೆ ನಾನು ಯಾರ ಸಹಾಯವೂ ಇಲ್ಲದೆ ಚಿಕ್ಕ ಇಳಿಜಾರು ಇಳಿದು ಬೇಕಾದಲ್ಲಿ ನಿಂತೆ. ಆ ದಿನ ಪೂರ್ತಿ ನನ್ನ ಜೊತೆ ಮಾತಾಡುವುದು ಕಷ್ಟವಾಗಿತ್ತು ಅಂತ ಹೆಂಡತಿ ಹೇಳುತ್ತಾಳೆ.

ಸ್ನೋ ಸ್ಕೂಟರ್: ಒಂದು ಸುತ್ತು, ಪೆಟ್ರೋಲ್ ವಾಸನೆ, ದುಡ್ಡು ಹೋಯಿತು.

ಟ್ಯೂಬ್ ಮೇಲೆ ಕೂತು ಜಾರುವುದು: ಮಕ್ಕಳಿಗೆ ಕೊಡಿಸಿ.

ಪ್ಯಾರಾಗ್ಲೈಡಿಂಗ್ ಕೆಟ್ಟದ್ದಲ್ಲ. ಕೆಳಗಿನ ದಿಬ್ಬದಿಂದ ಹಾರುವ ಚಿಕ್ಕ ಹಾರಾಟ ಭಯಪಡುವಷ್ಟರಲ್ಲಿ ಮುಗಿಯುತ್ತದೆ. ರೋಪ್‌ವೇಯಲ್ಲಿ ಮೇಲೆ ಹೋಗಿ ಅಲ್ಲಿಂದ ಹಾರುವುದು ಉದ್ದ, ದುಬಾರಿ. ಎರಡಕ್ಕೂ ಗಾಳಿ ಸರಿಯಿರಬೇಕು. ಗಾಳಿಗಾಗಿ ಕಾಯುತ್ತಾ ನಿಂತರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ. ಇಳಿದ ಮೇಲೆ ವಿಡಿಯೋಗೆ ಬೇರೆ ದುಡ್ಡು ಕೇಳುತ್ತಾರೆ, ಮೊದಲೇ ಮಾತಾಡಿ.

ಸಿಸ್ಸು ಬಗ್ಗೆ ಮಗಳ ಪರವಾಗಿ ಬರೆಯಬೇಕು. ಬರೀ ಹಿಮ ನೋಡುವುದೇ ಆಸೆಯಾದರೆ ಸೋಲಂಗ್ ಬಿಟ್ಟು ಅಲ್ಲಿಗೇ ಹೋಗಿ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆಯುವ ಮೊದಲು ಚಳಿಗಾಲದ ಪ್ರವಾಸಿಗೆ ಸಿಸ್ಸು ಕಡೆ ದಾರಿಯೇ ಇರಲಿಲ್ಲ. ರೋಹ್ತಾಂಗ್ ಮುಚ್ಚಿದರೆ ಸಿಸ್ಸು ಇರುವ ಲಾಹೌಲ್ ಕಣಿವೆ ತಿಂಗಳುಗಟ್ಟಲೆ ಮನಾಲಿಯಿಂದ ಕಡಿದುಹೋಗುತ್ತಿತ್ತು. ಈಗ 9.02 ಕಿಲೋಮೀಟರ್ ಸುರಂಗದಲ್ಲಿ ಹೋಗಿ ಆ ಕಡೆ ಹೊರಬಂದರೆ ನೋಟವೇ ಬೇರೆ. ಈ ಕಡೆ ದೇವದಾರು ಕಾಡು, ಆ ಕಡೆ ಬೋಳು ಬಿಳಿ ಬೆಟ್ಟ, ಕೆಳಗೆ ಚಂದ್ರಾ ನದಿ. ಎತ್ತರ 3,000 ಮೀಟರಿನ ಮೇಲೆ, ಸ್ವಲ್ಪ ಓಡಿದರೂ ಏದುಸಿರು. ಹಿಮ ಒಣಗಿದ್ದು, ಪುಡಿಪುಡಿ, ಉಂಡೆ ಕಟ್ಟಲು ಹೋದರೆ ಉದುರುತ್ತದೆ. ಹಿಮದ ಉಂಡೆ ಎಸೆದಾಡುವ ಮಗಳ ಯೋಜನೆ ಅಲ್ಲಿ ಕೈಕೊಟ್ಟಿತು, ಆದರೂ ಅವಳಿಗೆ ಅದೇ ಇಷ್ಟ.

ತೊಂದರೆ ದಾರಿಯದ್ದು. ಹೊಸ ಹಿಮ ಬಿದ್ದ ದಿನ ಪೊಲೀಸರು ದಾರಿಯ ನೆಹರು ಕುಂಡದಲ್ಲೋ ಸೋಲಂಗ್‌ನಲ್ಲೋ ಗಾಡಿ ತಡೆದು, 4×4 ಇದ್ದರೆ ಮಾತ್ರ ಬಿಡುತ್ತಾರೆ. ಜಾಸ್ತಿ ಬಿದ್ದರೆ ಅದೂ ಇಲ್ಲ. ಇನ್ನೊಂದು ವಿಷಯ, ಜನವರಿ ಕೊನೆಗೆ ಲಾಹೌಲಿನಲ್ಲಿ ಹಬ್ಬಗಳ ಕಾಲ. ಕೆಲವು ವರ್ಷ ಸಿಸ್ಸು ಕಡೆಯ ಹಳ್ಳಿಯವರು ದೇವರ ಕಾರ್ಯ ಅಂತ ಆ ದಿನಗಳಲ್ಲಿ ಪ್ರವಾಸಿಗರ ಆಟೋಟ ನಿಲ್ಲಿಸುತ್ತಾರೆ. ನಮ್ಮೂರ ಜಾತ್ರೆಗೂ ಕಟ್ಟುಪಾಡು ಇರುತ್ತದಲ್ಲ, ಕೇಳಿಕೊಂಡು ಹೋದರೆ ಸರಿ.

ವಸಿಷ್ಠ ಊರಿನಿಂದ ಮೂರು ಕಿಲೋಮೀಟರ್. ದೇವಸ್ಥಾನದ ಪಕ್ಕ ಗಂಧಕದ ಬಿಸಿನೀರಿನ ಕೊಳ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ, ಟಿಕೆಟ್ ಇಲ್ಲ. ಕಷ್ಟ ಇರುವುದು ನೀರಿಗೆ ಇಳಿಯುವುದರಲ್ಲಲ್ಲ, ಚಳಿಯಲ್ಲಿ ಸ್ವೆಟರ್ ಬಿಚ್ಚುವುದರಲ್ಲಿ. ಸ್ಕೀ ಕಲಿತ ಸಂಜೆ ಇಲ್ಲಿ ಕೂತರೆ ತೊಡೆನೋವು ಅರ್ಧ ಇಳಿಯುತ್ತದೆ. ಹೆಂಡತಿಗೆ ಸ್ಕೀ ಇಲ್ಲದೆಯೇ ಇಳಿಯಿತು. ಉಚಿತವಾಗಿ ಸಿಗುವುದನ್ನು ಬಿಟ್ಟು ದುಡ್ಡು ಕೊಟ್ಟು ಬೀಳಲು ಹೋಗುವುದು ಯಾಕೆ ಅನ್ನುವುದು ಅವಳ ಪ್ರಶ್ನೆ. ಉತ್ತರ ಇಲ್ಲ.

ಹಿಡಿಂಬಾ ದೇವಸ್ಥಾನಕ್ಕೆ ಹಿಮ ಬಿದ್ದ ಮರುದಿನ ಬೆಳಗ್ಗೆ ಬೇಗ ಹೋಗಿ. 1553ರಲ್ಲಿ ಕಟ್ಟಿದ ಮರದ ಗುಡಿ, ಸುತ್ತ ದೇವದಾರು. ತಡವಾದರೆ ಮೊಲ ಹಿಡಿದು ಫೋಟೋ ತೆಗೆಸಿಕೊಳ್ಳಿ ಅನ್ನುವವರೇ ಮುತ್ತಿಕೊಳ್ಳುತ್ತಾರೆ.

ರಸ್ತೆ ಬಂದ್ ಆದ ದಿನಕ್ಕೆ ಕೆಳಗಿನ ನಗ್ಗರ್ ಒಳ್ಳೆಯದು. ಅಲ್ಲಿ ರಷ್ಯಾದ ಚಿತ್ರಕಾರ ನಿಕೊಲಸ್ ರೋರಿಕ್ ಇದ್ದ ಮನೆ ಈಗ ಚಿತ್ರಶಾಲೆ. ಅವರ ಮಗ ಸ್ವೆತೊಸ್ಲಾವ್ ಮತ್ತು ಸೊಸೆ, ಹಿಂದಿ ಚಿತ್ರನಟಿ ದೇವಿಕಾ ರಾಣಿ ಮುಂದೆ ನೆಲೆಸಿದ್ದು ನಮ್ಮ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್‌ನಲ್ಲಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಚಿತ್ರಗಳನ್ನು ನೋಡಿದವರು ಇಲ್ಲಿ ಕಿಟಕಿಯಿಂದ ಹೊರಗೆ ನೋಡಿ, ಆ ನೀಲಿ ಬಣ್ಣ ಸುಳ್ಳಲ್ಲ.

ಇನ್ನು ತೀರ್ಪು. ನಾನು ಬೆಳಗ್ಗೆ ಬೇಗ ಏಳುವವನು, ಸಾಲಿನಲ್ಲಿ ನಿಲ್ಲಲು ಆಗದವನು, ದುಡ್ಡು ಕೊಟ್ಟರೆ ಅದು ಗಂಟೆಗಟ್ಟಲೆ ಬಾಳಬೇಕು ಅನ್ನುವವನು. ಹಾಗಾಗಿ ನನಗೆ ಸ್ಕೀ. ಒಂಬತ್ತಕ್ಕೆ ಏಳುವ ಮನೆಯವರಾದರೆ ಸೋಲಂಗ್ ಜಾಮಿನಲ್ಲಿ ಸಿಕ್ಕಿಕೊಳ್ಳುತ್ತೀರಿ, ವಸಿಷ್ಠಕ್ಕೆ ಹೋಗಿ. ಮೊಣಕಾಲು ನೋವಿದ್ದರೆ ಸ್ಕೀ ಬೇಡವೇ ಬೇಡ. ಚಿಕ್ಕ ಮಕ್ಕಳಿದ್ದು ಟ್ಯಾಕ್ಸಿಗೆ ಖರ್ಚು ಮಾಡಬಲ್ಲಿರಾದರೆ ಸಿಸ್ಸು. ಸ್ಕೀ ಹುಚ್ಚು ನಿಜವಾಗಿ ಹಿಡಿದರೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಚಳಿಗಾಲದಲ್ಲಿ ಸೋಲಂಗ್‌ನಲ್ಲಿ ಎರಡು ವಾರದ ಕೋರ್ಸ್ ನಡೆಸುತ್ತದೆ. ನಾನು ಅರ್ಜಿ ನೋಡುತ್ತಿದ್ದೇನೆ, ಎರಡು ವಾರ ರಜೆ ಕೊಡುವ ಮ್ಯಾನೇಜರ್ ಇನ್ನೂ ಸಿಕ್ಕಿಲ್ಲ.