ಹೋಂಸ್ಟೇಗೆ ವೆಬ್‌ಸೈಟ್ ಮಾಡಿಸುವವರೇ, ಥೀಮ್ ಎಲ್ಲಿಂದ ಬಂತು ಅಂತ ಮೊದಲು ಕೇಳಿ

ಕೊಡಗಿನಲ್ಲಿ ಹೋಂಸ್ಟೇ ಇಟ್ಟುಕೊಂಡು, ಪರಿಚಯದವರ ಕೈಲಿ ಕಡಿಮೆ ದುಡ್ಡಿಗೆ ವರ್ಡ್‌ಪ್ರೆಸ್ (ಸೈಟ್ ಕಟ್ಟುವ ಉಚಿತ ಸಾಫ್ಟ್‌ವೇರ್) ಸೈಟ್ ಮಾಡಿಸಿದವರು ಇದನ್ನು ದಯವಿಟ್ಟು ಪೂರ್ತಿ ಓದಿ. ನಮ್ಮ ಸೈಟನ್ನು ಕಟ್ಟುವಾಗಲೇ ಕಳ್ಳರಿಗೆ ಒಳಗೆ ಬರುವ ದಾರಿ ಸೇರಿಕೊಂಡಿತ್ತು. ನಿಮ್ಮದರಲ್ಲೂ ಇರಬಹುದು.

ನಮ್ಮದು ನಾಪೋಕ್ಲು ಕಡೆ, ಕಾಫಿ ತೋಟದ ನಡುವಿನ ಚಿಕ್ಕ ಹೋಂಸ್ಟೇ. ಬುಕಿಂಗ್ ಆಪ್‌ಗಳಿಗೆ ಕಮಿಷನ್ ಕೊಟ್ಟು ಸಾಕಾಗಿ ನಮ್ಮದೇ ಸೈಟ್ ಮಾಡಿಸಿದೆವು. ಮಾಡಿದವರು ನಮ್ಮ ಜಿಲ್ಲೆಯವರೇ, ಹೆಸರು ಬೇಡ. ಬಿಲ್‌ನಲ್ಲಿ ‘ಪ್ರೀಮಿಯಂ ಥೀಮ್’ (ದುಡ್ಡು ಕೊಟ್ಟು ಕೊಳ್ಳುವ, ಸೈಟಿನ ಸಿದ್ಧ ವಿನ್ಯಾಸ) ಅಂತ ಬೇರೆ ಸಾಲು ಹಾಕಿ, ಬೇರೆ ದುಡ್ಡೂ ತೆಗೆದುಕೊಂಡಿದ್ದರು. ಸೈಟ್ ನೋಡಲು ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ.

ದಸರಾ ರಜೆ ಹತ್ತಿರ ಬಂದಾಗ, ಅಂದರೆ ನಮಗೆ ಫೋನ್ ಕೆಳಗಿಡಲೂ ಪುರುಸೊತ್ತಿಲ್ಲದ ಸಮಯದಲ್ಲಿ, ಮೈಸೂರಿನ ಹಳೇ ಗೆಸ್ಟ್ ಒಬ್ಬರು ಕರೆ ಮಾಡಿದರು. ಗೂಗಲ್‌ನಲ್ಲಿ ನಮ್ಮ ಹೋಂಸ್ಟೇ ಹುಡುಕಿದರೆ ಕೆಳಗೆ ಜಪಾನಿ ಅಕ್ಷರ ಬರುತ್ತಿದೆ, ಒತ್ತಿದರೆ ಯಾವುದೋ ಬ್ಯಾಗು, ವಾಚು ಮಾರುವ ಅಂಗಡಿ ತೆರೆಯುತ್ತಿದೆ ಅಂದರು. ನಾವು ವಿಳಾಸ ಟೈಪ್ ಮಾಡಿ ನೋಡಿದರೆ ಸೈಟ್ ಎಂದಿನಂತೆಯೇ ಇದೆ! ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ, "ಮೇಡಂ, ಅವರ ಮೊಬೈಲ್‌ನಲ್ಲೇ ವೈರಸ್ ಇರಬೇಕು, ನಮ್ಮ ಕಡೆ ಎಲ್ಲ ಕ್ಲಿಯರ್" ಅಂತ ಉತ್ತರ.

ಈ ಉತ್ತರ ನಂಬಬೇಡಿ. ಈ ತರದ ಹ್ಯಾಕ್ ಮಾಲೀಕರ ಕಣ್ಣಿಗೆ ಬೀಳದ ಹಾಗೇ ಮಾಡಿರುತ್ತಾರೆ. ಬಂದವರು ಯಾರು ಅಂತ ಸೈಟ್ ಮೊದಲು ನೋಡುತ್ತದೆ. ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ಪ್ರೋಗ್ರಾಂ ಬಂದರೆ ಜಪಾನಿ ಪುಟ ತೋರಿಸುತ್ತದೆ. ಗೂಗಲ್ ಮೂಲಕ ಬಂದ ಜನರನ್ನು ನಕಲಿ ಬ್ರ್ಯಾಂಡ್ ಸಾಮಾನು ಮಾರುವ ಅಂಗಡಿಗೆ ಕಳಿಸುತ್ತದೆ. ನೇರವಾಗಿ ವಿಳಾಸ ಟೈಪ್ ಮಾಡಿದ ನಮಗೆ ಮಾತ್ರ ನಮ್ಮ ಮನೆಯ ಫೋಟೋ. ಇದು ಎಷ್ಟು ಕಡೆ ಆಗಿದೆ ಅಂದರೆ, ‘ಜಪಾನೀಸ್ ಕೀವರ್ಡ್ ಹ್ಯಾಕ್’ ಅನ್ನುವ ಹೆಸರಿನಲ್ಲೇ ಗೂಗಲ್ ಇದಕ್ಕೆ ಪರಿಹಾರದ ಪುಟ ಬರೆದಿಟ್ಟಿದೆ.

ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ರಜೆಗೆ ಬಂದಾಗ ಹೋಸ್ಟಿಂಗ್ (ಸೈಟಿನ ಫೈಲ್‌ಗಳನ್ನು ಇಡುವ ಬಾಡಿಗೆ ಜಾಗ) ಒಳಗೆ ಹೊಕ್ಕು ನೋಡಿದ. ಅಪ್‌ಲೋಡ್ಸ್ ಅನ್ನುವ ಫೋಲ್ಡರ್‌ನಲ್ಲಿ ಫೋಟೋಗಳ ಜೊತೆ ಪಿಎಚ್‌ಪಿ ಅನ್ನುವ ಪ್ರೋಗ್ರಾಂ ಫೈಲ್‌ಗಳು ಕೂತಿದ್ದವು. ಫೋಟೋ ಇಡುವ ಜಾಗದಲ್ಲಿ ಪ್ರೋಗ್ರಾಂಗೆ ಏನು ಕೆಲಸ, ಅಲ್ವಾ? ಆಮೇಲೆ ಥೀಮ್ ಪುಟ ತೆರೆದ. ಲೈಸೆನ್ಸ್ ಕೀ ಇಲ್ಲ, ಅಪ್‌ಡೇಟ್ ಬರುತ್ತಿಲ್ಲ. "ಚಿಕ್ಕಮ್ಮ, ಇದು ನಲ್ಡ್ ಥೀಮ್" ಅಂದ.

ನಲ್ಡ್ ಅಂದರೆ ದುಡ್ಡು ಕೊಟ್ಟು ಕೊಳ್ಳಬೇಕಾದ ಥೀಮಿನ ಬೀಗ ಒಡೆದು ಪುಕ್ಕಟೆ ಹಂಚುವ ನಕಲು. ಪುಕ್ಕಟೆ ಹಂಚುವವರಿಗೆ ಲಾಭ ಎಲ್ಲಿಂದ ಅಂತ ಯೋಚಿಸಿ. 2014ರ ನವೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಫಾಕ್ಸ್-ಐಟಿ ಕಂಪನಿ ಬಯಲಿಗೆಳೆದ ‘ಕ್ರಿಪ್ಟೋಪಿಎಚ್‌ಪಿ’ ಅನ್ನುವ ಕಳ್ಳ ಪ್ರೋಗ್ರಾಂ ಇಂಥ ನಕಲು ಥೀಮ್, ಪ್ಲಗಿನ್‌ಗಳ (ಸೈಟಿಗೆ ಹೆಚ್ಚಿನ ಸೌಲಭ್ಯ ಸೇರಿಸುವ ತುಣುಕುಗಳ) ಮೂಲಕವೇ ಹರಡಿತ್ತು. ಅದರಲ್ಲಿ ಕಳ್ಳ ಕೋಡ್ ಇದ್ದದ್ದು ‘ಸೋಶಿಯಲ್ ಡಾಟ್ ಪಿಎನ್‌ಜಿ’ ಅನ್ನುವ ಫೈಲ್‌ನಲ್ಲಿ. ಹೆಸರು ಚಿತ್ರದ್ದು, ಒಳಗಿದ್ದದ್ದು ಪ್ರೋಗ್ರಾಂ. ಆಮೇಲೆ ಬಂದ ‘ಡಬ್ಲ್ಯುಪಿ-ವಿಸಿಡಿ’ ಇನ್ನೂ ಹಟಮಾರಿ. ಒಂದೇ ಹೋಸ್ಟಿಂಗ್ ಖಾತೆಯಲ್ಲಿರುವ ಬೇರೆ ಸೈಟ್‌ಗಳಿಗೂ ಅದು ಹಬ್ಬುತ್ತದೆ.

ವರ್ಡ್‌ಪ್ರೆಸ್ ಯಾರು ಬೇಕಾದರೂ ಹಂಚಬಹುದು ಅನ್ನುವ ಜಿಪಿಎಲ್ ಲೈಸೆನ್ಸಿನದು, ಹಾಗಾಗಿ ಥೀಮ್ ಹಂಚುವುದು ಕಳ್ಳತನವೇ ಅಲ್ಲ ಅಂತ ವಾದ ಮಾಡುವವರಿದ್ದಾರೆ. ಮಾಡಲಿ ಬಿಡಿ. ನನ್ನ ತಕರಾರು, ನಡುವೆ ಯಾರೋ ಪೊಟ್ಟಣ ಬಿಚ್ಚಿ ಏನೋ ತುಂಬಿ ಮತ್ತೆ ಅಂಟಿಸಿದ್ದಾರಲ್ಲ, ಅದರ ಬಗ್ಗೆ. ಮೂಲ ಥೀಮಿನ ಬೆಲೆ 50-60 ಡಾಲರ್ ಆಸುಪಾಸು. ಅದನ್ನು ನಮ್ಮಿಂದ ವಸೂಲಿ ಮಾಡಿಯೂ ಪುಕ್ಕಟೆ ನಕಲು ಹಾಕಿದ್ದು ಸಣ್ಣತನ.

ಜೋರಾಗಿ ಕೇಳಿದ ಮೇಲೆ ಸೈಟ್ ಮಾಡಿಕೊಟ್ಟವರು ‘ಕ್ಲೀನ್’ ಮಾಡಿದರು. ಮಾಡಿದ್ದಿಷ್ಟೇ: ಥೀಮ್ ಅಳಿಸಿ, ಅದೇ ಜಿಪ್ ಫೈಲನ್ನು ಮತ್ತೆ ಹಾಕಿದರು. ಜಪಾನಿ ಪುಟಗಳೂ ಮತ್ತೆ ಬಂದವು. ಅಷ್ಟೇ ಅಲ್ಲ, ತಮ್ಮ ಎಲ್ಲ ಗಿರಾಕಿಗಳ ಸೈಟ್‌ಗಳನ್ನೂ ಒಂದೇ ಹೋಸ್ಟಿಂಗ್ ಖಾತೆಯಲ್ಲಿ ಇಟ್ಟಿದ್ದರು. ನಮ್ಮದನ್ನು ಒಂದನ್ನೇ ತೊಳೆದು ಏನು ಪ್ರಯೋಜನ?

ಬೇರೆ ಕಡೆ ಹೋಗೋಣ ಅಂದರೆ ಡೊಮೇನ್, ಅಂದರೆ ಸೈಟಿನ ವಿಳಾಸ, ಅವರ ಹೆಸರಿನಲ್ಲಿದೆ. ಡಾಟ್ ಕಾಮ್ ವಿಳಾಸ ವರ್ಗಾಯಿಸಲು ಆಥ್ ಕೋಡ್ ಅನ್ನುವ ಗುಟ್ಟಿನ ಕೋಡ್ ಬೇಕು. ಕೇಳಿದ 5 ದಿನದೊಳಗೆ ಅದನ್ನು ಕೊಡಬೇಕು ಅಂತ ಡೊಮೇನ್‌ಗಳ ಉಸ್ತುವಾರಿ ಸಂಸ್ಥೆ ಐಕ್ಯಾನ್‌ನ ನಿಯಮವೇನೋ ಇದೆ. ಆದರೆ ಕೇಳುವ ಹಕ್ಕು ಇರುವುದು ನೋಂದಣಿಯಲ್ಲಿ ಹೆಸರಿರುವವರಿಗೆ. ದುಡ್ಡು ನಮ್ಮದು, ಹಕ್ಕು ಅವರದು! ಕೊನೆಗೆ ‘ಟ್ರಾನ್ಸ್‌ಫರ್ ಚಾರ್ಜ್’ ಕೊಟ್ಟೇ ಬಿಡಿಸಿಕೊಂಡೆವು. ರಜೆಯ ಬುಕಿಂಗ್ ಅಷ್ಟರಲ್ಲಿ ಕೈಬಿಟ್ಟಿತ್ತು.

ಹುಡುಗ ಹಳೆಯದನ್ನು ರಿಪೇರಿ ಮಾಡಲು ಹೋಗಲಿಲ್ಲ. ಬೇರೆ ಹೋಸ್ಟಿಂಗ್‌ನಲ್ಲಿ ಹೊಸ ವರ್ಡ್‌ಪ್ರೆಸ್ ಹಾಕಿ, ವರ್ಡ್‌ಪ್ರೆಸ್‌ನವರ ಸ್ವಂತ ಪಟ್ಟಿಯಲ್ಲಿ ಸಿಗುವ ಉಚಿತ ಥೀಮ್ ಕೂರಿಸಿದ. ಹಳೆಯದರಿಂದ ತಂದದ್ದು ಬರಹ ಮತ್ತು ಫೋಟೋ ಮಾತ್ರ, ಅದೂ ಒಂದೊಂದಾಗಿ ನೋಡಿ. ಪಾಸ್‌ವರ್ಡ್ ಎಲ್ಲ ಹೊಸದು. ಸೈಟ್ ಗೂಗಲ್‌ನಲ್ಲಿ ಹೇಗೆ ಬರುತ್ತಿದೆ ಅಂತ ಮಾಲೀಕರಿಗೆ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ತೆರೆದಾಗ ಇನ್ನೊಂದು ಆಘಾತ. ಗುರುತಿಲ್ಲದ ಜಿಮೇಲ್ ಒಂದು ನಮ್ಮ ಸೈಟಿನ ‘ಓನರ್’ ಆಗಿ ಕೂತಿತ್ತು. ಹ್ಯಾಕರ್‌ಗಳು ತಮ್ಮ ಪುಟಗಳು ಗೂಗಲ್‌ನಲ್ಲಿ ಬೇಗ ಬರಲಿ ಅಂತ ಹೀಗೆ ಮಾಡುತ್ತಾರಂತೆ. ಆ ಹೆಸರು ತೆಗೆದರೆ ಸಾಲದು, ತಾವೇ ಓನರ್ ಅಂತ ಗೂಗಲ್‌ಗೆ ಖಾತ್ರಿ ಮಾಡಲು ಅವರು ಸೈಟಿನೊಳಗೆ ಇಟ್ಟ ಫೈಲನ್ನೂ ಅಳಿಸಬೇಕು. ಇಲ್ಲವಾದರೆ ಮತ್ತೆ ಬಂದು ಕೂರುತ್ತಾರೆ.

ಹೊಸದಾಗಿ ಮಾಡಿಸುವವರು ಡೊಮೇನ್, ಹೋಸ್ಟಿಂಗ್ ಎರಡನ್ನೂ ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಕಾರ್ಡಿನಿಂದಲೇ ಕೊಳ್ಳಿ. ಥೀಮಿಗೆ ದುಡ್ಡು ಕೇಳಿದರೆ ಖರೀದಿಯ ರಸೀದಿ ನಿಮ್ಮ ಮೇಲ್‌ಗೇ ಬರಬೇಕು ಅನ್ನಿ. "ನಮ್ಮ ಹತ್ತಿರ ಇದೆ, ಸುಮ್ನೆ ಹಾಕಿಕೊಡ್ತೀವಿ" ಅಂದರೆ ಬೇರೆಯವರನ್ನು ಹುಡುಕಿ.

ಈಗಾಗಲೇ ಸೈಟ್ ಇದ್ದರೆ ಇವತ್ತೇ ನೋಡಿ. ಗೂಗಲ್‌ನಲ್ಲಿ ಇಂಗ್ಲಿಷ್‌ನಲ್ಲಿ ‘ಸೈಟ್’ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವಿಳಾಸ ಟೈಪ್ ಮಾಡಿ. ಗೂಗಲ್‌ಗೆ ಗೊತ್ತಿರುವ ನಿಮ್ಮ ಪುಟಗಳು ಬರುತ್ತವೆ. ರೂಮು, ಊಟ, ದಾರಿ ಬಿಟ್ಟು ನೀವು ಬರೆಯದ ಪುಟ ಏನಾದರೂ ಕಂಡರೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡ ಮೇಲೆಯೇ ಸೈಟ್ ಮಾಡಿದವರಿಗೆ ಫೋನ್ ಮಾಡಿ.